ಕಾಣದ ಬೆಳಕಿಗೆ ಕನ್ನಡದ ಹೆಸರು

"ಟೀಚರೇ, ಕತೆ, ಪದ್ಯ ಎಲ್ಲ ಕನ್ನಡದಲ್ಲಿ ಆಗಲಿ. ಸಯನ್ಸ್ ಮಾತ್ರ ಇಂಗ್ಲಿಷಲ್ಲೇ ಆಗಬೇಕಲ್ಲ?"

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಕಳೆದ ತಿಂಗಳು ಏಳನೆಯ ತರಗತಿಯ ಹುಡುಗನೊಬ್ಬನ ತಂದೆಯೂ ಇದನ್ನೇ ಕೇಳಿದರು. ಬರುವ ಜೂನ್‌ನಲ್ಲಿ ಮಗನ ಟಿ.ಸಿ. ತೆಗೆದು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಆಲೋಚನೆ ಅವರದು. "ಆಸ್ಪತ್ರೆಗೆ ಹೋಗಿ ಕ್ಷ-ಕಿರಣ ತೆಗೀರಿ ಅಂದ್ರೆ ಯಾರಿಗೆ ಗೊತ್ತಾಗ್ತದೆ?" ಎಂದು ನಕ್ಕರು. ನಾನೂ ನಕ್ಕೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರುಗಳು ಒಂದೊಂದಾಗಿ ಕಡಿಮೆಯಾಗುವುದು ನಗುವ ವಿಷಯವಲ್ಲ.

ಕಷ್ಟ ಇರುವುದು ಮಾತಿನಲ್ಲೋ, ವಿಷಯದಲ್ಲೋ? 'ವಿದ್ಯುತ್ಕಾಂತೀಯ ತರಂಗ' ನಾಲಗೆ ಹೊರಳದ ಪದ, ಒಪ್ಪುತ್ತೇನೆ. 'ಇಲೆಕ್ಟ್ರೋಮ್ಯಾಗ್ನೆಟಿಕ್ ವೇವ್' ಏನು ಬಾಯಿಗೆ ಸುಲಭವೇ? ಕಣ್ಣಿಗೆ ಕಾಣದ್ದನ್ನು ನಂಬಬೇಕಲ್ಲ, ಅದು ಕಷ್ಟ. ಹಾಗಾಗಿ ನಾನು ಮೊದಲು ತೋರಿಸುತ್ತೇನೆ, ಹೆಸರು ಆಮೇಲೆ.

ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮರಾಕ್ಕೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ. ಹೆಚ್ಚಿನ ಮೊಬೈಲುಗಳ ಪರದೆಯಲ್ಲಿ ನೇರಳೆ ಬಿಳುಪಿನ ದೀಪವೊಂದು ಮಿಣುಕುತ್ತದೆ! ನಮ್ಮ ಕಣ್ಣು ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಗಳನ್ನು. ರಿಮೋಟಿನದು ಸಾಮಾನ್ಯವಾಗಿ 940ರ ಆಸುಪಾಸು. ಇದೇ ಅವಕೆಂಪು, ಅಂದರೆ ಆವೃತ್ತಿಯಲ್ಲಿ ಕೆಂಪಿಗಿಂತ ಕೆಳಗಿನದು. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಥರ್ಮಾಮೀಟರ್ ಇಟ್ಟು ಅದನ್ನು ಕಂಡುಹಿಡಿದರು. ಇನ್ನೊಂದು ತುದಿಯಲ್ಲಿ ನೇರಳೆಯನ್ನು ದಾಟಿದ್ದು ಅತಿನೇರಳೆ. ಟ್ಯೂಬ್‌ಲೈಟಿನೊಳಗಿನ ಪಾದರಸದ ಆವಿ ಕೊಡುವುದು ಮುಖ್ಯವಾಗಿ ಅದನ್ನೇ. ಗಾಜಿನ ಒಳಗಿನ ಬಿಳಿ ಲೇಪ ಅದನ್ನು ನಾವು ಓದುವ ಬೆಳಕಾಗಿ ಮಾಡುತ್ತದೆ. ಯಾವುದು ಎಲ್ಲಿದೆ ಎಂದು ಹೆಸರೇ ಹೇಳುತ್ತದೆ. ಬಾಯಿಪಾಠ ಬೇಕಿಲ್ಲ.

ಮರುದಿನ ರೇಡಿಯೋ. ಗಡಿಯಾಚೆಯ ಮಂಗಳೂರು ಆಕಾಶವಾಣಿಯ ಎಫ್.ಎಂ. 100.3 ಮೆಗಾಹರ್ಟ್ಸ್. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಭಾಗಿಸಿದರೆ ಒಂದು ತರಂಗದ ಉದ್ದ ಸುಮಾರು 3 ಮೀಟರ್. ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟು ಉದ್ದಕ್ಕೆ ಒಂದು ಅಲೆ ಬರೆದರು. ಕಾಣುವ ಬೆಳಕಿನ ಅಲೆಗಳಾದರೆ ಒಂದು ಕೂದಲೆಳೆಯ ದಪ್ಪದಲ್ಲಿ ನೂರರಷ್ಟು ಹಿಡಿಯುತ್ತವೆ ಎಂದೆ. ಎರಡೂ ಒಂದೇ ಜಾತಿಯವು, ಅಳತೆ ಮಾತ್ರ ಬೇರೆ.

ಮೊನ್ನೆ ಆ ತಂದೆ ಪೇಟೆಯಲ್ಲಿ ಸಿಕ್ಕಿದರು. ಹುಡುಗ ಮನೆಯಲ್ಲಿ ಅಜ್ಜಿಗೆ ರಿಮೋಟು ತೋರಿಸಿ ತುಳುವಿನಲ್ಲಿ ವಿವರಿಸಿದನಂತೆ. ನಮ್ಮಲ್ಲಿ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಮಲಯಾಳ. ಕನ್ನಡವನ್ನು ಅವರು ಶಾಲೆಯಲ್ಲೇ ಕಲಿಯುವುದು. ಅರ್ಥವಾದದ್ದನ್ನು ಮಗು ಯಾವ ಮಾತಿಗೂ ದಾಟಿಸುತ್ತದೆ. ನಾಳೆ ಇಂಗ್ಲಿಷಿಗೂ ದಾಟಿಸೀತು.

ಟಿ.ಸಿ. ಅರ್ಜಿ ಇನ್ನೂ ಬಂದಿಲ್ಲ. ಬಂದರೆ ತಡೆಯುವ ಹಕ್ಕು ನಮಗಿಲ್ಲ. "ವಿಜ್ಞಾನ ಕನ್ನಡದಲ್ಲಿ ಆಗುವುದಿಲ್ಲ ಎಂಬ ಕಾರಣ ಮಾತ್ರ ಅದರಲ್ಲಿ ಬರೆಯಬೇಡಿ" ಎಂದು ಅವರಿಗೆ ಹೇಳಿದ್ದೇನೆ.