ಬರೆಯದೆ ಉಳಿದ ಅಧ್ಯಾಯ

ಪಕ್ಷದ ಸ್ಟಡಿ ಕ್ಲಾಸು ಎಂದರೆ ಈಗಿನ ಹುಡುಗರು ಯಾವುದೋ ಟ್ಯೂಷನ್ ಇರಬೇಕು ಅಂದುಕೊಳ್ಳುತ್ತಾರೆ. ನಮ್ಮದು ಯೂನಿಯನ್ ಆಫೀಸಿನ ಚಾಪೆಯ ಮೇಲೆ ನಡೆಯುತ್ತಿತ್ತು. ಹಂಚಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವರು, ಬ್ಯಾಂಕಿನ ಗುಮಾಸ್ತರು, ನಮ್ಮಂಥ ಕಾಲೇಜು ಹುಡುಗರು. ಮಾಸ್ಕೋದಲ್ಲಿ ಅಚ್ಚಾದ ಅಗ್ಗದ ಪುಸ್ತಕಗಳು ನವಕರ್ನಾಟಕದ ಮಳಿಗೆಯಿಂದ ಬರುತ್ತಿದ್ದವು. ಒಬ್ಬರು ಓದಬೇಕು, ಉಳಿದವರು ತಡೆದು ಕೇಳಬೇಕು.

ವಾರಗಟ್ಟಲೆ ಹಿಡಿಯುತ್ತಿದ್ದದ್ದು ಲೆನಿನ್ನರ 'ಪ್ರಭುತ್ವ ಮತ್ತು ಕ್ರಾಂತಿ'. 1917ರಲ್ಲಿ ಅವರು ಬಂಧನ ತಪ್ಪಿಸಿಕೊಂಡು ಅಡಗಿದ್ದಾಗ ಬರೆದದ್ದು. ಪೊಲೀಸು, ಸೈನ್ಯ, ಜೈಲು ಇವೆಲ್ಲ ಆಳುವ ವರ್ಗದ ಕೈಯವು ಎಂಬಲ್ಲಿ ಯಾರ ತಕರಾರೂ ಇರಲಿಲ್ಲ. ಲಾಠಿ ಏಟು ತಿಂದವರಿಗೆ ಅದನ್ನು ಪುಸ್ತಕ ಹೇಳಬೇಕಿರಲಿಲ್ಲ. ಜಗಳ ಹತ್ತುತ್ತಿದ್ದದ್ದು 1871ರ ಪ್ಯಾರಿಸ್ ಕಮ್ಯೂನಿನ ಪುಟಗಳಲ್ಲಿ. 72 ದಿನ ಬಾಳಿದ ಆ ಆಡಳಿತದಲ್ಲಿ ಚುನಾಯಿತರನ್ನು ಯಾವಾಗ ಬೇಕಾದರೂ ವಾಪಸು ಕರೆಸಬಹುದಿತ್ತು, ಅಧಿಕಾರಿಗೂ ಕೆಲಸಗಾರನಷ್ಟೇ ಸಂಬಳ ಎಂದು ಮಾರ್ಕ್ಸ್ ಮೆಚ್ಚಿ ಬರೆದಿದ್ದರು. "ಹಾಗಾದ್ರೆ ನಮ್ಮ ಸೆಕ್ರೆಟರಿಯವರನ್ನೂ ವಾಪಸು ಕರೆಸಬಹುದಾ, ಕಾಮ್ರೇಡ್?" ಎಂದು ಹಿಂದಿನಿಂದ ಯಾರಾದರೂ ಕೇಳಿದರೆ ಪಾಠ ಹೇಳುವವರು ಬೀಡಿ ಹಚ್ಚಿಕೊಳ್ಳುತ್ತಿದ್ದರು.

ಕ್ಲಾಸು ಸೊರಗಿದ್ದು ಆ ಬೀಡಿಯ ಹೊಗೆಯಲ್ಲೇ ಅನಿಸುತ್ತದೆ ನನಗೆ. ವರ್ಗಗಳು ಅಳಿದಂತೆ ಪ್ರಭುತ್ವವೂ ಒಣಗಿ ಉದುರುತ್ತದೆ ಎಂದಿದ್ದರು ಏಂಗೆಲ್ಸ್. ರಷ್ಯಾದಲ್ಲಿ ಅದು ಬೆಳೆಯುತ್ತಲೇ ಹೋಯಿತು. 1921ರ ಮಾರ್ಚಿನಲ್ಲಿ ಲೆನಿನ್ನರ ಪಕ್ಷವೇ ತನ್ನೊಳಗಿನ ಬಣಗಳನ್ನು ನಿಷೇಧಿಸಿತು. ಅದೇ ತಿಂಗಳು ಕ್ರೋನ್‌ಸ್ಟಾಟಿನ ನಾವಿಕರ ಬಂಡಾಯವನ್ನು ಕೆಂಪು ಸೇನೆ ಅಡಗಿಸಿತು. ಚುನಾವಣೆ, ಪತ್ರಿಕೆ, ಸಭೆಗಳ ಸ್ವಾತಂತ್ರ್ಯ ಹೋದರೆ ಕೊನೆಗೆ ಅಧಿಕಾರಶಾಹಿಯೇ ಉಳಿಯುತ್ತದೆ ಎಂದು ರೋಸಾ ಲಕ್ಸೆಂಬರ್ಗ್ 1918ರಲ್ಲೇ ಜರ್ಮನಿಯ ಜೈಲಿನಲ್ಲಿ ಕೂತು ಬರೆದಿಟ್ಟಿದ್ದರು. ಅವರೂ ಕಾಮ್ರೇಡೇ. ಆದರೂ ಆ ಬರಹ ನಮ್ಮ ಚಾಪೆಯವರೆಗೆ ಬರಲಿಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟವೇ ಹೋಯಿತು, ಆ ಪುಸ್ತಕಗಳೂ ನಿಂತವು. ಈಗ ಟೀವಿಯಲ್ಲಿ ಗದ್ದುಗೆ ಯಾರಿಗೆ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಆ ಗದ್ದುಗೆ ಇರುವುದು ಯಾರ ಕೆಲಸಕ್ಕೆ ಎಂದು ತಡೆದು ಕೇಳುವ ಹಂಚಿನ ಕಾರ್ಖಾನೆಯವರು ಅಲ್ಲಿಲ್ಲ.

'ಪ್ರಭುತ್ವ ಮತ್ತು ಕ್ರಾಂತಿ'ಯ ಏಳನೇ ಅಧ್ಯಾಯ ರಷ್ಯಾದ ಕ್ರಾಂತಿಗಳ ಅನುಭವದ ಬಗ್ಗೆ ಆಗಬೇಕಿತ್ತು. ಕ್ರಾಂತಿಯೇ ಅಡ್ಡ ಬಂದದ್ದರಿಂದ ಬರೆಯಲಾಗಲಿಲ್ಲ ಎಂದು ಲೆನಿನ್ ಖುಷಿಯಿಂದ ಹಿನ್ನುಡಿ ಹಾಕಿ ಮುಗಿಸಿದರು. ಅದನ್ನು ನಾವಾದರೂ ಜಗಳವಾಡಿ ಪೂರೈಸಬಹುದಿತ್ತು. ಅಷ್ಟರಲ್ಲಿ ಚುನಾವಣೆ ಬಂತು. ಗೋಡೆ ಬರೆಯಲು ಸುಣ್ಣ ಕಲಸಬೇಕೆಂದು ಎಲ್ಲರೂ ಎದ್ದುಹೋದರು.