ಪಾದರಸದ ಊರು ಇದ್ರಿಯಾ

ಸ್ಲೊವೇನಿಯ ದೇಶದ ಪಶ್ಚಿಮದಲ್ಲಿ, ಕಡಿದಾದ ಬೆಟ್ಟಗಳು ಸುತ್ತುಗಟ್ಟಿರುವ ಕಣಿವೆಯ ತಳದಲ್ಲಿ ಇದ್ರಿಯಾ ಎಂಬ ಪುಟ್ಟ ಪಟ್ಟಣವುಂಟು. 1490ರಲ್ಲಿ ಬಾನಿ ಮಾಡುವವನೊಬ್ಬನು ಹೊಸ ಮರದ ಬಾನಿಯನ್ನು ನೆನೆಯಲೆಂದು ಇಲ್ಲಿಯ ಊಟೆಯಲ್ಲಿ ಇಟ್ಟುಹೋದನಂತೆ. ಮರುದಿನ ಎತ್ತಹೋದರೆ ಬಾನಿ ಮೇಲೇಳದು! ತಳದಲ್ಲಿ ಬೆಳ್ಳಿಯಂತೆ ಹೊಳೆಯುವ ದ್ರವ, ನೀರಿಗಿಂತ 13.6 ಪಟ್ಟು ಭಾರವಾದ ಪಾದರಸ.

ಇದು ಐತಿಹ್ಯವೇ ಸರಿ. ಆದರೆ ಭೂವಿಜ್ಞಾನಿಗಳು ಇದನ್ನು ಕೇಳಿ ನಗುವಂತಿಲ್ಲ. ಪಾದರಸವು ಸಾಮಾನ್ಯವಾಗಿ ಗಂಧಕದೊಡನೆ ಕೂಡಿ ಕೆಂಪು ಇಂಗಳೀಕವಾಗಿ ದೊರೆಯುತ್ತದೆ. ಸುಮಾರು 24 ಕೋಟಿ ವರ್ಷಗಳ ಹಿಂದೆ ಇಲ್ಲಿಯ ನೆಲ ಬಿರಿದು, ಆಳದ ಬಿಸಿನೀರಿನೊಡನೆ ಪಾದರಸ ಮೇಲೇರಿದಾಗ, ಒಂದಷ್ಟು ಮಾತ್ರ ಕರಿಯ ಪದರಶಿಲೆಯಲ್ಲಿ ಹನಿಹನಿಯಾಗಿಯೇ ಉಳಿಯಿತು. ಜನರು ಮೊದಲು ಅರಸಿದುದು ಆ ಹನಿಗಳನ್ನು. 1508ರ ಜೂನ್ 22ರಂದು ಇಂಗಳೀಕದ ಸಮೃದ್ಧ ಅದಿರು ಸಿಕ್ಕಿತು. ಮುಂದೆ 700 ಕಿಲೋಮೀಟರಿಗೂ ಮಿಕ್ಕ ಸುರಂಗಗಳು, ಲಕ್ಷ ಟನ್ನಿಗೂ ಮೀರಿದ ಪಾದರಸ! ಸ್ಪೇನಿನ ಆಲ್ಮದೆನ್ ಒಂದನ್ನುಳಿದು ಇಷ್ಟು ಕೊಟ್ಟ ಗಣಿ ಬೇರೊಂದಿಲ್ಲ.

ಬೆಲೆ ತೆತ್ತವರು ಗಣಿಗಾರರು. 1754ರಲ್ಲಿ ಇಲ್ಲಿಗೆ ಬಂದ ವೈದ್ಯ ಸ್ಕೋಪೊಲಿಯವರು, ಪಾದರಸದ ಆವಿಯನ್ನು ಉಸಿರಾಡಿದವರ ಕೈಕಾಲು ನಡುಗುವುದನ್ನು ಕಣ್ಣಾರೆ ಕಂಡು 1761ರಲ್ಲಿ ಗ್ರಂಥವನ್ನೇ ರಚಿಸಿದರು. ಸಂಬಳ ಸಾಲದ ಮನೆಗಳಲ್ಲಿ ಹೆಂಗಸರು ಲೇಸ್ ಹೆಣೆದರು. ಗಣಿ ನಿಂತಿತು, ಲೇಸಿನ ಹೆಸರು ಮಾತ್ರ ಇನ್ನೂ ಉಳಿದಿದೆ.

2012ರಲ್ಲಿ ಯುನೆಸ್ಕೋ ಇದ್ರಿಯಾ ಹಾಗೂ ಆಲ್ಮದೆನ್‌ಗಳನ್ನು ಜೊತೆಯಾಗಿಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1500ರಲ್ಲಿ ಕೊರೆದ ಆಂಟನಿ ಸುರಂಗದೊಳಕ್ಕೆ ಪ್ರವಾಸಿಗರು ಇಳಿಯಬಹುದು. ಅಲ್ಲಿಯ ಕರಿಯ ಕಲ್ಲಿನ ಮೈಮೇಲೆ, ದೀಪ ಹಿಡಿದರೆ, ಪಾದರಸದ ಹನಿಗಳು ಇಂದಿಗೂ ಮಿನುಗುತ್ತವೆ.