ದರಕಿನ ಲೆಕ್ಕ

ನಮ್ಮ ಸಾಗರದ ಕಡೆ ಒಣಗಿ ಉದುರಿದ ಎಲೆಗೆ ದರಕು ಅನ್ನುತ್ತೇವೆ. ಬೆಂಗಳೂರಿನಲ್ಲಿ ಅದಕ್ಕೆ ಕಸ ಅಂತ ಹೆಸರು. ಊರಿನಲ್ಲಿ ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ, ಹೆಡಿಗೆ ತುಂಬಿ ತರುತ್ತಿದ್ದೆವು. ಅದು ಮೊದಲು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿಗೆ, ಆಮೇಲೆ ಗೊಬ್ಬರ, ಕೊನೆಗೆ ಅಡಿಕೆ ಮರದ ಬುಡಕ್ಕೆ. ಇಲ್ಲಿ ನಮ್ಮ ಬೀದಿಯಲ್ಲಿ ಅದನ್ನೇ ಮೂಲೆಗೆ ಗುಡಿಸಿ ಬೆಂಕಿ ಹಚ್ಚುತ್ತಿದ್ದರು. ಹೊಗೆ ಎದ್ದ ದಿನ ಪಕ್ಕದ ಮನೆಯ ಮಗುವಿಗೆ ಉಬ್ಬಸ.

2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿದ್ದೇ ಇರುತ್ತದೆ. ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡವೆಂದು ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಬೋರ್‌ವೆಲ್ಲೂ ಕೈಕೊಟ್ಟಿತ್ತು. ಮನೆ ಮುಂದೆ ನಾಲ್ಕಡಿ ಅಗಲದ ಮಣ್ಣಿನಲ್ಲಿ ನನ್ನ ಹೆಂಡತಿ ಬೆಳೆಸಿದ ಕರಿಬೇವು, ಲಿಂಬೆ, ಎರಡು ಮಲ್ಲಿಗೆ. ಒಂದು ನರ್ಸರಿಯದು. ಇನ್ನೊಂದು ಅವಳ ತವರಿನದು. ತವರುಮನೆ ಮಾರಿ ಎಷ್ಟೋ ವರ್ಷವಾಯಿತು, ಅಲ್ಲಿಂದ ಉಳಿದದ್ದು ಈ ಬಳ್ಳಿ ಮಾತ್ರ. ಅಕ್ಕಚ್ಚು, ತರಕಾರಿ ತೊಳೆದ ನೀರು ಎಲ್ಲ ಸೇರಿ ದಿನಕ್ಕೆ ಒಂದೂವರೆ ಬಕೆಟ್ ಆಗುತ್ತಿತ್ತು. ಅಷ್ಟರಲ್ಲೇ ಎಲ್ಲವೂ ಬದುಕಬೇಕು.

"ಹೋದರೆ ಹೋಗಲಿ ಬಿಡಿ, ಮನುಷ್ಯರಿಗೇ ನೀರಿಲ್ಲ" ಅಂದಳು. ಹಾಗಂದವಳು ಆ ದಿನ ಮತ್ತೆ ಅಂಗಳಕ್ಕೆ ಬರಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು. ಜಮೆ ಹೆಚ್ಚಿಸಲಾಗದಿದ್ದರೆ ಖರ್ಚು ಎಲ್ಲಿ ಸೋರುತ್ತಿದೆ ಎಂದು ನೋಡುವುದು ಅಭ್ಯಾಸ. ಬರಿಮಣ್ಣಿಗೆ ಸುರಿದ ನೀರಿನಲ್ಲಿ ಒಂದು ಪಾಲು ಬಿಸಿಲು, ಗಾಳಿಗೇ ಹೋಗುತ್ತದೆ. ಮೇಲೊಂದು ಹೊದಿಕೆ ಇದ್ದರೆ ನೆಲ ತಂಪಾಗಿರುತ್ತದೆ, ತೇವ ನಿಲ್ಲುತ್ತದೆ, ಬೆಳಕು ಸಿಗದೆ ಕಳೆಯೂ ಕಡಿಮೆ. ಕೃಷಿಕರು ಇದಕ್ಕೆ ಮುಚ್ಚಿಗೆ ಅನ್ನುತ್ತಾರೆ. ಸುಭಾಷ್ ಪಾಳೇಕರರ ಪದ್ಧತಿಯಲ್ಲಿ ಇದೇ ಆಚ್ಛಾದನ.

ಬೀದಿಯ ಹೊಂಗೆ ಮರಗಳು ಸರಿಯಾಗಿ ಬೇಸಿಗೆಯ ಬಾಗಿಲಲ್ಲೇ ಎಲೆ ಉದುರಿಸುತ್ತವೆ. ಗುಡಿಸುವ ಹೆಣ್ಣುಮಗಳಿಗೆ ಗೋಣಿಚೀಲ ಕೊಟ್ಟು, ಬೆಂಕಿ ಬೇಡಮ್ಮ, ಇದಕ್ಕೆ ತುಂಬಿಡು ಅಂದೆ. ಎದುರಿನ ಪಾರ್ಕಿಗೆ ಸಂಸ್ಕರಿಸಿದ ನೀರು ಬರುತ್ತಿದ್ದರಿಂದ ಅಲ್ಲಿ ಹುಲ್ಲಿಗೆ ಬರವಿರಲಿಲ್ಲ. ಕತ್ತರಿಸಿದ್ದನ್ನು ಕೊಡುತ್ತೀಯಾ ಎಂದು ಮಾಲಿಯನ್ನು ಕೇಳಿದೆ. "ತಗೊಂಡೋಗಿ ಸಾರ್, ನಂಗೆ ಹೊರೋದು ತಪ್ತು" ಅಂದ.

ಹಸಿ ಹುಲ್ಲು ಉಳಿತಾಯ ಖಾತೆ ಇದ್ದ ಹಾಗೆ. ಸಾರಜನಕ ಹೆಚ್ಚು, ಬೇಗ ಕೊಳೆತು ಗಿಡದ ಕೈಗೆ ಸಿಗುತ್ತದೆ. ದರಕು ಠೇವಣಿ, ನಿಧಾನ. ಎರಡೂ ಇರಬೇಕು. ಆದರೆ ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ. ನಮ್ಮ ಬೀದಿಯವರೊಬ್ಬರು ಪಾರ್ಕಿನ ಎರಡು ಚೀಲ ಹುಲ್ಲನ್ನು ಹಾಗೇ ಮಾವಿನ ಸಸಿಯ ಬುಡಕ್ಕೆ ರಾಶಿ ಸುರಿದಿದ್ದರು. ಗಾಳಿಯಾಡದೆ ಒಳಗೆ ಬಿಸಿಯಾಗಿ, ಲೋಳೆಯಾಗಿ, ನಾಲ್ಕನೆಯ ದಿನಕ್ಕೆ ಮೂಗು ಮುಚ್ಚಿಕೊಂಡು ಓಡಾಡುವ ಹಾಗಾಯಿತು. ನಾನು ತಾರಸಿಯಲ್ಲಿ ಎರಡು ದಿನ ಹರಡಿ ಒಣಗಿಸಿ, ಒಂದು ಇಂಚಿನಷ್ಟು ಹಾಸಿ, ಅದರ ಮೇಲೆ ಮೂರು ಇಂಚು ದರಕು ಹಾಕಿದೆ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಬೇಕು. ತಾಗಿಸಿದರೆ ತೇವಕ್ಕೆ ಕಾಂಡ ಕೊಳೆಯುತ್ತದೆ. ಕಳೆನಾಶಕ ಹೊಡೆದ ಹುಲ್ಲನ್ನು ಬಿಟ್ಟಿಯಾಗಿ ಕೊಟ್ಟರೂ ತರಬೇಡಿ.

ಮಕ್ಕಳಿಗೊಂದು ಕೆಲಸ ಹೇಳುತ್ತೇನೆ. ನಾಲ್ಕನೆಯ ತರಗತಿಯ ನನ್ನ ಮೊಮ್ಮಗಳು ಒಂದೇ ಅಳತೆಯ ಎರಡು ಕುಂಡಕ್ಕೆ ಒಂದೊಂದು ಲೋಟ ನೀರು ಹಾಕಿ, ಒಂದಕ್ಕೆ ಮಾತ್ರ ದರಕು ಮುಚ್ಚಿದಳು. ದಿನಾ ಬೆರಳು ಚುಚ್ಚಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಬರಿಯ ಕುಂಡ ಎರಡನೆಯ ದಿನಕ್ಕೆ ಒಣಗಿತು. ಮುಚ್ಚಿದ್ದು ಐದನೆಯ ದಿನವೂ ಒದ್ದೆ. "ಅಜ್ಜ, ನಿಮ್ಮ ಲೆಕ್ಕ ಸರಿ ಇದೆ" ಎಂದು ಸಹಿ ಬೇರೆ ಹಾಕಿಕೊಟ್ಟಳು.

ಹೆಂಡತಿಗೆ ಹಾವು ಸೇರುತ್ತದೆಂಬ ಹೆದರಿಕೆ. ಹಾವು ಕಾಣಲಿಲ್ಲ, ಜರಿಹುಳು ಕಂಡಿತು. ಕೆದಕುವುದಕ್ಕೆ ಕೈ ಹಾಕದೆ ಕೋಲು ಬಳಸುತ್ತೇವೆ. ಎರೆಹುಳುಗಳೂ ಬಂದವು. ಅವು ಎಲ್ಲಿದ್ದವೋ!

ಏಪ್ರಿಲ್ ಕೊನೆಗೆ ನರ್ಸರಿಯ ಮಲ್ಲಿಗೆ ಒಣಗಿಹೋಯಿತು. ಮುಚ್ಚಿಗೆಯೇನು ಮಂತ್ರವಲ್ಲ. ಲಿಂಬೆಯ ಒಂದು ಕೊಂಬೆ ಹೋಯಿತು, ಕರಿಬೇವು ಗಟ್ಟಿಯಾಗಿ ನಿಂತಿತು. ತವರಿನ ಬಳ್ಳಿ ಅರ್ಧ ಎಲೆ ಉದುರಿಸಿಕೊಂಡು ಬಡಕಲಾಗಿತ್ತು. ಕಾಂಡವನ್ನು ಉಗುರಿನಿಂದ ಕೆರೆದರೆ ಒಳಗಿನ್ನೂ ಹಸಿರು. ಮೇ ಮೊದಲ ವಾರ ಮಳೆ ಬಂತು. ತಿಂಗಳು ಮುಗಿಯುವ ಮೊದಲು ಏಳು ಮೊಗ್ಗು. ಅವಳು ಎಣಿಸಿ ಹೇಳಿದ ಲೆಕ್ಕ ಇದು.

ಮಳೆಗಾಲದಲ್ಲಿ ಹೊದಿಕೆಯನ್ನು ತೆಳ್ಳಗೆ ಮಾಡುತ್ತೇನೆ, ಅಡಿಯಲ್ಲಿ ದೊಡ್ಡ ಬಸವನಹುಳುಗಳು ಅಡಗುತ್ತವೆ. ಉಳಿದ ದಿನಗಳಲ್ಲಿ ಹುಲ್ಲು ಕತ್ತರಿಸಿದಾಗಲೆಲ್ಲ ಮಾಲಿ ಒಂದು ಚೀಲ ಗೇಟಿನ ಒಳಗಿಟ್ಟು ಹೋಗುತ್ತಾನೆ. ಅದನ್ನು ತಾರಸಿಗೆ ಹೊರುವುದು ನನ್ನ ಪಾಲು, ಮೋಡ ಕಟ್ಟಿದೆ ಬೇಗ ಒಳಗೆ ತನ್ನಿ ಎಂದು ಕೆಳಗಿನಿಂದ ಕೂಗುವುದು ಅವಳ ಪಾಲು.